ರಿವರ್ಸ್ ಗೇರಿನ ಬೆಳಕು

ಗೇರು ನ್ಯೂಟ್ರಲ್‌ಗೆ ಬಂದದ್ದೇ ತಡ, ಪಿಕಪ್ಪಿನೊಳಗಿನ ಅಷ್ಟೂ ಹೊಸ ನೀಲಿ ದೀಪಗಳು ಪಕ್ಕನೆ ಆರಿಹೋದವು. ಯಜಮಾನರು ಗೇರನ್ನು ಮತ್ತೆ ರಿವರ್ಸ್‌ಗೆ ತಳ್ಳಿದರು. ಬಾಗಿಲ ಅಂಚು, ಡ್ಯಾಶ್‌ಬೋರ್ಡು, ಸೀಟಿನ ಕೆಳಗೆ, ಎಲ್ಲ ಕಡೆ ಝಗ್ಗೆಂದಿತು. ಹಿಂದುಗಡೆ ರಿವರ್ಸ್ ಹಾರನ್ನೂ ಪೀಂ ಪೀಂ ಎಂದಿತು. ಮೊದಲನೇ ಗೇರು ಹಾಕಿದರು. ಕತ್ತಲೆ. ಹೀಗೆ ನಾಲ್ಕು ಸಲ ಆದ ಮೇಲೆ, ಪಕ್ಕದ ಸೀಟಿನಲ್ಲಿ ಟಾರ್ಚ್ ಹಿಡಿದು ಕೂತಿದ್ದ ಹೆಂಡತಿ ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. ಈಗ ನಕ್ಕರೆ ಒಂದು ವಾರ ಮನೆಯಲ್ಲಿ ಮಾತಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ದೀಪದ ಕನೆಕ್ಷನ್ ಯಾವ ವೈರಿಗೆ ಕೊಟ್ರಿ?" ಎಂದಳು.

"ಗೇರಿನ ಪಕ್ಕ ಒಂದು ವೈರಿತ್ತು. ಟೆಸ್ಟ್ ಬಲ್ಬು ಇಟ್ಟೆ, ಉರೀತು. ಕರೆಂಟು ಇರೋ ಕಡೆ ಕೊಡದೆ ಇನ್ನೆಲ್ಲಿ ಕೊಡ್ತಾರೆ?"

"ಇಳಿಜಾರು ಅಂತ ಗಾಡೀನ ರಿವರ್ಸ್ ಗೇರಲ್ಲೇ ನಿಲ್ಲಿಸಿದ್ರಲ್ಲ, ಅದಕ್ಕೇ ಉರೀತು. ಅದು ಹಿಂದಿನ ಬಿಳಿ ಲೈಟಿನ ವೈರು."

"ನಿನಗೇನು ಗೊತ್ತು?"

"ನನಗೇನೂ ಗೊತ್ತಿಲ್ಲಪ್ಪ. ನನ್ನ ತಮ್ಮನಿಗೆ ಗೊತ್ತು. ಕರೀಲಾ?"

"ಕರೆದು ನೋಡು!" ಎಂದರು ಯಜಮಾನರು.

ಬೀದಿಯ ಮೇಲ್ತುದಿಯಲ್ಲಿ ಅವಳ ತಮ್ಮನ ವೈರಿಂಗ್ ಅಂಗಡಿ. ಹೋದ ತಿಂಗಳು ಅವನು ಪ್ರೀತಿಯಿಂದಲೇ "ಭಾವ, ಗಾಡಿ ತನ್ನಿ, ದೀಪ ನಾನೇ ಕೂರಿಸಿಕೊಡ್ತೀನಿ" ಎಂದಿದ್ದ. ಅದಕ್ಕೆ ಇವರು ಅವನ ಗಿರಾಕಿಗಳ ಎದುರಿಗೇ, "ಎರಡು ವೈರು ಸೇರಿಸೋಕೆ ನಿನ್ನ ಕಾಲು ಹಿಡೀಬೇಕೇನೋ? ಇದಕ್ಕೊಂದು ಅಂಗಡಿ ಬೇರೆ ಕೇಡು!" ಎಂದು ಬಂದಿದ್ದರು. ದಿನಾ ಮಧ್ಯಾಹ್ನ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದ ಹುಡುಗ ಅಂದಿನಿಂದ ಇತ್ತ ತಲೆ ಹಾಕಿಲ್ಲ. ಅವನ ತಟ್ಟೆಯ ಮೇಲೆ ಧೂಳು ಕೂರಬಾರದೆಂದು ಅವಳು ಅದನ್ನು ದಿನಾ ತೊಳೆದಿಡುತ್ತಾಳೆ, ತೊಳೆಯುವಾಗಲೆಲ್ಲ ಗಂಡನನ್ನೂ ತಮ್ಮನನ್ನೂ ಒಟ್ಟಿಗೇ ಬೈದುಕೊಳ್ಳುತ್ತಾಳೆ, ಆಮೇಲೆ ಅಳುತ್ತಾಳೆ.

ಯಜಮಾನರಿಗೆ ಅದೆಲ್ಲ ಯೋಚಿಸಲು ಪುರಸೊತ್ತೆಲ್ಲಿ? ಎರಡು ದಿನ ಬಾಡಿಗೆಗೂ ಹೋಗದೆ, ಫೋನಿನಲ್ಲಿ ಯಾರದೋ ವೀಡಿಯೊ ನೋಡಿಕೊಂಡು ಡ್ಯಾಶ್‌ಬೋರ್ಡು ಕಿತ್ತು ಮತ್ತೆ ಕೂರಿಸಿದ್ದರು. ಕೊನೆಗೆ ನಾಲ್ಕು ಸ್ಕ್ರೂ ಮಿಕ್ಕಿದವು. ಕಂಪನಿಯವರು ದಂಡಕ್ಕೆ ಹಾಕಿದ್ದು ಎಂದು ತೀರ್ಮಾನಿಸಿ ಜೇಬಿಗಿಳಿಸಿದರು. ಸಾಲದ್ದಕ್ಕೆ, ಸಂಜೆ ಆರೂವರೆಗೆ ಎಲ್ಲರೂ ಹೊರಗೆ ಬಂದು ನೋಡಬೇಕೆಂದು ಇಡೀ ಬೀದಿಗೆ ಹೇಳಿಬಿಟ್ಟಿದ್ದರು. ಈಗ ಆರೂವರೆ. ಜನ ಗೇಟು ಹಿಡಿದು ನಿಂತಿದ್ದಾರೆ.

"ಹಿಂದಕ್ಕೇ ಹೋಗೋದು," ಎಂದರು, ಮೊದಲಿಂದಲೂ ಅದೇ ಆಲೋಚನೆ ಎಂಬಂತೆ. "ಹಿಂದೆ ಹೋಗುವಾಗ ಸೇಫ್ಟಿಗೆ ಅಂತ ಮಾಡಿರೋ ದೀಪ ಇದು. ಯಾರಾದ್ರೂ ಕೇಳಿದ್ರೆ ಹಾಗೆ ಹೇಳು."

ಪಿಕಪ್ಪು ಪೀಂ ಪೀಂ ಎನ್ನುತ್ತ, ನೀಲಿ ಬೆಳಕು ಚೆಲ್ಲುತ್ತ, ಬೆನ್ನು ಮುಂದು ಮಾಡಿ ದಿಬ್ಬ ಹತ್ತತೊಡಗಿತು. ಯಜಮಾನರು ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿದ್ದರು. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈಯಲ್ಲಿ ಜನಕ್ಕೆ ನಮಸ್ಕಾರ.

"ಮುಂದಕ್ಕೆ ಹೋಗಲ್ವಾ ಸಾರ್?" ದರ್ಜಿ ಕೂಗಿ ಕೇಳಿದ.

"ಮುಂದಕ್ಕೆ ಎಲ್ಲರ ಗಾಡೀನೂ ಹೋಗುತ್ತೆ!"

ಹಾಲಿನ ಅಂಗಡಿಯ ಮುಂದೆ ನಿಲ್ಲಿಸಲು ನೋಡಿದರು. "ಮಹಡಿ ಮನೆಯವರು ಇನ್ನೂ ನೋಡಿಲ್ಲ ಕಣ್ರೀ," ಎಂದಳು ಹೆಂಡತಿ. ಮಹಡಿ ಮನೆ ದಾಟಿತು. "ಅಯ್ಯೋ, ಮೇಷ್ಟ್ರು ಕನ್ನಡಕ ತರೋಕೆ ಒಳಗೆ ಹೋದ್ರು. ಇನ್ನೊಂದು ಚೂರು." ಮೇಷ್ಟ್ರ ಮನೆಯೂ ದಾಟಿತು. ಆಗ ಯಜಮಾನರ ಕಣ್ಣು ಕನ್ನಡಿಗೆ ಬಿತ್ತು. ಬೀದಿ ಮುಗಿಯುವಲ್ಲಿ, ನೇರ ಎದುರಿಗೆ, ಭಾವಮೈದುನನ ಅಂಗಡಿ ಬಾಯಿ ತೆರೆದು ಕೂತಿತ್ತು. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

"ಬೇಕೂಂತಲೇ ಮಾಡ್ದೆ ತಾನೆ?"

"ಬೇಡ ಅಂದ್ರೆ ವಾಪಸ್ ಹೋಗೋಣ," ಎಂದಳು ಮೆತ್ತಗೆ. "ಮುಂದಕ್ಕೆ. ದೀಪ ಇಲ್ಲದೆ. ಎಲ್ಲರೂ ಇನ್ನೂ ಗೇಟಿನ ಹತ್ರಾನೇ ಇದ್ದಾರೆ."

ಯಜಮಾನರು ಕೆಳಗಿನ ಬೀದಿಯನ್ನು ನೋಡಿದರು, ಕನ್ನಡಿಯನ್ನು ನೋಡಿದರು, ಹಣೆಯ ಬೆವರು ಒರೆಸಿಕೊಂಡರು. ಅಂಗಡಿಯಿಂದ ಅವಳ ತಮ್ಮ ಹೊರಗೆ ಬಂದ. ಪೀಂ ಪೀಂ ಕೇಳಿದ, ನೀಲಿ ಬೆಳಕು ನೋಡಿದ. ಯಾವ ವೈರು ಎಲ್ಲಿಗೆ ಸೇರಿದೆ ಎಂಬುದು ಅವನಿಗೆ ಅಷ್ಟು ದೂರದಿಂದಲೇ ತಿಳಿದುಹೋಯಿತು. ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ತಮ್ಮನ ಮುಖವನ್ನೇ ನೋಡಿದಳು. ನಗ್ತಾನೆ ಈಗ. ಅವನು ನಕ್ಕರೆ ಕಥೆ ಮುಗಿಯಿತು, ಆ ತಟ್ಟೆಯನ್ನು ಅಟ್ಟಕ್ಕೆ ಹಾಕುವುದೇ ಸರಿ. ನಗಬೇಡ ಕಣೋ, ದಮ್ಮಯ್ಯ, ನಗಬೇಡ.

ಅವನು ನಗಲಿಲ್ಲ. ಅಂಗಡಿಯೊಳಗೆ ಅಡ್ಡ ನಿಂತಿದ್ದ ಸ್ಕೂಟರನ್ನು ಗೋಡೆಗೆ ಒತ್ತಿ ನಿಲ್ಲಿಸಿದ. ಕೈ ಒರೆಸಿಕೊಳ್ಳುತ್ತ ಪಿಕಪ್ಪಿನ ಹಿಂದೆ ಬಂದು ಅಂಗೈಯಿಂದ ಅದರ ಬೆನ್ನಿಗೆ ಎರಡು ಸಲ ಬಡಿದ.

"ಬರ್ಲಿ... ಬರ್ಲಿ..."

ಯಜಮಾನರ ಕಾಲು ಮೆಲ್ಲಗೆ ಬ್ರೇಕಿನಿಂದ ಎದ್ದಿತು.

"ಸ್ವಲ್ಪ ಎಡಕ್ಕೆ... ಹಾಂ, ಬರ್ಲಿ. ಬನ್ನಿ ಭಾವ, ಇನ್ನೂ ಜಾಗ ಇದೆ."