‘ಬತ್ತೀನಿ’ ಅಂದಿದ್ದು

“ಗಂಡನ ಮನೆ ಬಿಡೋವಾಗ ‘ಬತ್ತೀನಿ’ ಅಂದ್ರಾ, ಇಲ್ವಾ? ಅಷ್ಟು ಹೇಳಿ ಸಾಕು,” ಎಂದರು ತರೀಕೆರೆಯ ಲಾಯರ್ ವಿಶ್ವನಾಥ್. ಅವರ ಬೆರಳು ಭುವನಾಳ ಗಂಡ ಹಾಕಿದ್ದ ವಿಚ್ಛೇದನದ ಅರ್ಜಿಯ ಒಂದು ಸಾಲಿನ ಮೇಲಿತ್ತು: ‘ಬರುತ್ತೇನೆಂದು ಹೇಳಿ ಸ್ವಇಚ್ಛೆಯಿಂದ ಹೋದವಳು ಎರಡು ವರ್ಷವಾದರೂ ಮರಳಿರುವುದಿಲ್ಲ.’

“ಅಂದೆ ಸಾರ್. ಬಟ್ಟೆ ಗಂಟು ಬೀದಿಗೆ ಎಸೆದು, ಕತ್ತು ಹಿಡಿದು ನೂಕಿದ್ರು. ಆದ್ರೂ ಅತ್ತೆ ಜಗಲಿ ಮೇಲೆ ಕೂತಿದ್ರಲ್ಲ, ಬಾಯಿಗೆ ಬಂದ್ಬಿಡ್ತು. ಹಿರಿಯರ ಮುಂದೆ ‘ಹೋಗ್ತೀನಿ’ ಅನ್ಬಾರ್ದಲ್ಲ?”

“ಪಕ್ಕದ್ಮನೆಯೋರು ಅದನ್ನೇ ಸಾಕ್ಷಿ ಹೇಳ್ತಾರಂತಮ್ಮ. ನೂಕಿದ್ದು ಯಾರೂ ನೋಡ್ಲಿಲ್ವಂತೆ. ‘ಬತ್ತೀನಿ’ ಅಂದಿದ್ದು ಮಾತ್ರ ಬೀದಿಗೆಲ್ಲ ಕೇಳಿಸ್ತಂತೆ.” ವಿಶ್ವನಾಥ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ನೀವೇ ಬಿಟ್ಟು ಹೋದ್ರಿ ಅಂತ ಕೋರ್ಟು ನಂಬಿದ್ರೆ ತಪ್ಪೆಲ್ಲ ನಿಮ್ಮ ತಲೆಗೇ. ಅವತ್ತು ಬಾಯ್ತುಂಬ ಬೈದು ಬಂದಿದ್ರೆ ಬೀದಿಗೆ ಅದೇ ಕೇಳಿಸ್ತಿತ್ತು, ಕೇಸು ಗಟ್ಟಿಯಾಗಿರ್ತಿತ್ತು.”

ಭುವನಾ ಪಕ್ಕಕ್ಕೆ ತಿರುಗಿದಳು. ಚಿಕ್ಕಂದಿನಲ್ಲಿ ಹೊಸಿಲು ದಾಟುವಾಗಲೆಲ್ಲ ತಲೆಗೆ ಮೊಟಕಿ ‘ಬತ್ತೀನಿ’ ಎನ್ನುವುದನ್ನು ರೂಢಿ ಮಾಡಿಸಿದ್ದ ಅವ್ವ ದ್ಯಾಮಮ್ಮ, ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತುತ್ತ ಕೂತಿದ್ದಳು.

“ಎಲ್ಲ ಕಲಿಸ್ದೆ ಕಣೇ,” ಎಂದಳು ತಲೆಯೆತ್ತದೆ. “ಬೈಯೋದೊಂದು ಕಲಿಸ್ಲಿಲ್ಲ.”