ಅಂತರಪಟ ಹಿಡಿಯಬೇಕಾದ ಭುಜ

ನಗುವುದಕ್ಕೂ ಕಣ್ಣೊರೆಸಿಕೊಳ್ಳುವುದಕ್ಕೂ ಒಂದೇ ಕರ್ಚೀಫು ಸಾಕು... ಹತ್ತಿರ ಇಟ್ಟುಕೊಂಡು ಓದಿ. ಇದು ಹಾಸನದ ಪ್ರಹ್ಲಾದ ಮಾವನ ಕಥೆ.

ಪ್ರಹ್ಲಾದನದು ಫ್ಯಾನು, ಲೈಟುಗಳ ಅಂಗಡಿ. ಊರಿನ ಅರ್ಧ ಮನೆಗಳ ಫ್ಯಾನುಗಳನ್ನು ಏಣಿ ಹತ್ತಿ, ಕೈ ಮೇಲೆತ್ತಿ ತಾನೇ ಕೂರಿಸಿದವನು.

ಆ ಫ್ಯಾನುಗಳೆಲ್ಲ ಇನ್ನೂ ತಿರುಗುತ್ತಿವೆ... ಪ್ರಹ್ಲಾದನ ಭುಜ ಮಾತ್ರ ತಿರುಗುವುದನ್ನು ನಿಲ್ಲಿಸಿತು!

ಹೋದ ವರ್ಷ ಫ್ರೋಜನ್ ಶೋಲ್ಡರ್. ಫಿಸಿಯೋಥೆರಪಿಯಿಂದ ಎಷ್ಟೋ ವಾಸಿಯಾಯಿತು. ಆದರೂ ಕೈ ಕಿವಿಯ ಮಟ್ಟ ದಾಟಿದರೆ ಒಳಗೆ ಚುಳ್ ಎನ್ನುತ್ತಿತ್ತು.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. "ಪೂರ್ತಿ ಸರಿ ಹೋಯ್ತು" ಎಂದುಬಿಟ್ಟಿದ್ದ.

ಯಾಕೆಂದರೆ... ಅಕ್ಕನ ಮಗಳು ಇಂಚರಳ ಮದುವೆ ನಿಶ್ಚಯವಾಗಿತ್ತು.

ಧಾರೆಗೆ ಮುಂಚೆ ಹುಡುಗ, ಹುಡುಗಿಯ ನಡುವೆ ಅಡ್ಡ ಹಿಡಿಯುವ ಬಟ್ಟೆಯೇ ಅಂತರಪಟ. ಅವರ ಮನೆತನದಲ್ಲಿ ಅದರ ಒಂದು ತುದಿಯನ್ನು ಸೋದರಮಾವನೇ ಹಿಡಿಯಬೇಕು. ಮಂಗಳಾಷ್ಟಕ ಮುಗಿಯುವ ತನಕ ಕೈ ಇಳಿಸುವಂತಿಲ್ಲ.

ಹೋದ ತಿಂಗಳು ಇನ್ನೊಬ್ಬ ಸೋದರಸೊಸೆಯ ಮದುವೆಯಲ್ಲಿ ಅರ್ಧಕ್ಕೇ ಭುಜ ಸೋತು, ಬಟ್ಟೆ ಸರ್ರನೆ ಜಾರಿತ್ತು. ಮುಹೂರ್ತಕ್ಕೆ ಮೊದಲೇ ಹುಡುಗ, ಹುಡುಗಿ ಮುಖಾಮುಖಿ... ಛತ್ರಕ್ಕೆ ಛತ್ರವೇ ನಕ್ಕಿತ್ತು.

ಪ್ರಹ್ಲಾದನೂ ನಕ್ಕ. ಆದರೆ ಊಟದ ಪಂಕ್ತಿಯಲ್ಲಿ ಯಾರೋ ಅಂದ ಮಾತು ಕಿವಿಗೆ ಬಿತ್ತು. "ಇಂಚರನ ಮದುವೆಗೆ ಬೇರೆ ಯಾರಾದ್ರೂ ಹುಡುಗರ ಕೈಗೆ ಕೊಡೋಣಪ್ಪ..."

ಅಂದಿನಿಂದ ನಿದ್ದೆಯಿಲ್ಲ. ಮಹಡಿ ಮೇಲಿನ ಖಾಲಿ ರೂಮಿನಲ್ಲಿ ಹೋಮ್ ಜಿಮ್ ಮಾಡುವುದೆಂದು ತೀರ್ಮಾನಿಸಿ, ಒಬ್ಬನೇ ಜಿಮ್ ಸಾಮಾನಿನ ಶೋರೂಮಿಗೆ ಹೋದ.

ಅಲ್ಲಿ ಕಬ್ಬಿಣದ ದೊಡ್ಡ ಶೋಲ್ಡರ್ ಪ್ರೆಸ್ ಮೆಷಿನ್. ಕೂತು ಹಿಡಿ ಹಿಡಿದರೆ ಮೊಣಕೈ ಎರಡೂ ಬೆನ್ನಿನ ಹಿಂದಕ್ಕೆ! ಒಮ್ಮೆ ಮೇಲಕ್ಕೆ ತಳ್ಳಿದ... ಭುಜದೊಳಗೆ ಯಾರೋ ಚಿವುಟಿದ ಹಾಗಾಯಿತು.

"ಹೇಗಿದೆ ಸರ್?" ಎಂದ ಸೇಲ್ಸ್‌ಮನ್.

"ಸೂಪರ್!" ಹಲ್ಲು ಕಚ್ಚಿಕೊಂಡೇ ಹೇಳಿದ. "ಇನ್ನೂ ಸ್ವಲ್ಪ ಭಾರ ಹಾಕಿ ನೋಡೋಣ."

ಅಷ್ಟರಲ್ಲಿ ಫೋನ್ ಬಂತು. ಗೊತ್ತಿಲ್ಲದ ನಂಬರು.

"ಪ್ರಹ್ಲಾದಾ... ನಾನಪ್ಪ, ವೆಂಕಣ್ಣ ಜೋಯಿಸ. ಮೊಮ್ಮಗನ ಫೋನಿಂದ ಮಾಡ್ತಿದೀನಿ." ಮದುವೆ ಮಾಡಿಸುವ ಪುರೋಹಿತರು! ನಡುನಡುವೆ ನಶ್ಯ ಎಳೆಯುವ ಸೊರ್ ಸೊರ್ ಸದ್ದು. "ಬೀಗರ ಕಡೆಯಿಂದಲೂ ಪುರೋಹಿತರು ಬರ್ತಾರಂತೆ. ಅವರದ್ದೊಂದು ಮಂಗಳಾಷ್ಟಕ, ನಮ್ಮದೊಂದು, ಆಮೇಲೆ ಹೆಂಗಸರ ಹಾಡು... ಅಷ್ಟು ಹೊತ್ತೂ ಅಂತರಪಟ ತಲೆಗಿಂತ ಮೇಲಿರಬೇಕು. ಹಿಡೀತೀಯೋ, ಬೇರೆಯವರಿಗೆ ಹೇಳಲೋ? ಏನಂತೀ?"

ಪ್ರಹ್ಲಾದ ಮೆಷಿನ್ ಸೀಟಿನಲ್ಲೇ ಕುಸಿದ.

"ಬೇಡ ಜೋಯಿಸರೇ... ಬೇರೆಯವರಿಗೆ ಮಾತ್ರ ಹೇಳಬೇಡಿ."

ಮೆಷಿನ್ನಿನ ಹಿಡಿ ಬಿಟ್ಟು ಭುಜ ಒತ್ತಿಕೊಂಡ.

"ನಿಮ್ಮ ಹತ್ರ ಮುಚ್ಚುಮರೆ ಏನು... ನನ್ನ ಕೈ ಮೇಲೆ ಏಳಲ್ಲ. ಆವತ್ತು ಬಟ್ಟೆ ಜಾರಿದ್ದಲ್ಲ, ಭುಜ ಸೋತಿದ್ದು. ನಮ್ಮ ಇಂಚರ ಕಿವಿ ಚುಚ್ಚಿಸಿಕೊಂಡು ಅತ್ತಿದ್ದು ನನ್ನ ತೊಡೆ ಮೇಲೆ ಕೂತು. ಅವಳ ಧಾರೆಗೆ ನಾನು ಮೂಲೇಲಿ ಕುರ್ಚಿ ಹಾಕ್ಕೊಂಡು ನೋಡಬೇಕಾ? ಭುಜ ಮುರಿದ್ರೂ ಸರಿ, ಹಿಡೀತೀನಿ. ಅವಳಿಗೆ ಮಾತ್ರ ಹೇಳಬೇಡಿ..."



ಆ ಕಡೆಯಿಂದ ಮತ್ತೊಂದು ಸೊರ್... ಅದು ನಶ್ಯದ್ದಲ್ಲ.

"ಮಾವಾ..."

ಪ್ರಹ್ಲಾದ ತಿರುಗಿ ನೋಡಿದ. ಟ್ರೆಡ್‌ಮಿಲ್ ಹಿಂದಿನಿಂದ ಇಂಚರ ಎದ್ದು ನಿಂತಳು, ಕಿವಿಯಲ್ಲಿ ಗೆಳತಿಯ ಫೋನು, ಕೆನ್ನೆ ತುಂಬ ನೀರು! ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯನ್ನೂ ಬಿಡದ ಮಿಮಿಕ್ರಿ ಹುಡುಗಿ. ಮಾವ ಶೋರೂಮಿಗೆ ಹೋದನೆಂದು ಅತ್ತೆಯಿಂದ ತಿಳಿದು, ಜೋಯಿಸರ ದನಿಯಲ್ಲಿ ಕಾಲೆಳೆಯಲು ಬಂದವಳು ತಾನೇ ಅಳುತ್ತಿದ್ದಳು.

"ಅಲ್ಲ ಮಾವ, ನೋವಿದೆ ಅಂತ ನನಗೊಂದು ಮಾತು ಹೇಳಕ್ಕಾಗಲ್ವಾ ನಿನಗೆ?"

"ಹೇಳಿದ್ರೆ ನೀವೆಲ್ಲ ಸೇರಿ ನನ್ನ ಕೈಯಿಂದ ಕಿತ್ಕೊಳ್ತೀರಲ್ಲೇ, ಪುಟ್ಟಿ..."

"ಯಾರು ಕಿತ್ಕೋತಾರೆ? ಸೋದರಮಾವ ಹಿಡೀಬೇಕು ಅಂತ ಇದೆ, ನಿಂತ್ಕೊಂಡೇ ಹಿಡೀಬೇಕು ಅಂತ ಎಲ್ಲಿದೆ? ನಾವಿಬ್ರೂ ಮಣೆ ಮೇಲೆ ಕೂತ್ಕೋತೀವಿ. ನೀನೂ ಕುರ್ಚಿ ಹಾಕ್ಕೊಂಡು ಎದೆ ಮಟ್ಟಕ್ಕೆ ಹಿಡಿ. ಈಗ ಹೇಳು, ಫಿಸಿಯೋ ಮೇಡಂ ಏನು ತಗೋ ಅಂದಿದ್ರು?"

ಪ್ರಹ್ಲಾದ ತಲೆ ತಗ್ಗಿಸಿದ. "ಬೆನ್ನಿಗೆ ಒರಗೋ ಬೆಂಚು... ಮಕ್ಕಳಾಟದಂಥ ಡಂಬೆಲ್ಸ್. ಅಂಗೈ ಎದುರುಬದುರು, ಮೊಣಕೈ ಮುಂದೆ. ನೋವು ಬಂದ ಕಡೆ ನಿಲ್ಲಿಸು ಅಂದ್ರು."

"ಮತ್ತೆ ಈ ರಾಕ್ಷಸನ ಮೇಲೆ ಯಾಕೆ ಕೂತಿದೀಯ? ಏಳು ಮೊದ್ಲು!"

ಬೆಂಚು ಬಂತು. ಪುಟ್ಟ ಡಂಬೆಲ್ಸ್ ಬಂದವು. ಒರಗಿ ಕೂತು, ಅವಳು ನೋಡುತ್ತಿರುವಂತೆಯೇ ನಿಧಾನಕ್ಕೆ ಎತ್ತಿದ... ಚುಳ್ ಎನ್ನಲಿಲ್ಲ. ಇಷ್ಟು ದಿನ ಬಿಗಿಹಿಡಿದಿದ್ದ ಉಸಿರು ಆಗ ಹೊರಬಂತು.

"ಆದ್ರೂ... ಕೂತು ಮಾಡಕ್ಕೆ ಜೋಯಿಸರು ಒಪ್ಪಬೇಕಲ್ಲೇ?"

ಇಂಚರ ನಿಜವಾದ ಜೋಯಿಸರಿಗೇ ಫೋನ್ ಮಾಡಿ, ಸ್ಪೀಕರ್ ಹಾಕಿ, ವಿಷಯ ಹೇಳಿದಳು.

"ಅಯ್ಯೋ ಮಾರಾಯ್ತಿ, ಪುಣ್ಯ ಬರಲಿ ನಿನಗೆ!" ಎಂದರು ಅವರು. "ಅಷ್ಟು ಹೊತ್ತು ನಿಂತ್ರೆ ನನ್ನ ಮಂಡಿ ಏನಾಗಬೇಕು? ಹೇಳಕ್ಕೆ ನಾಚಿಕೆ ಅಂತ ವರ್ಷಗಳಿಂದ ನಿಂತೇ ಸಾಯ್ತಿದೀನಿ. ನನಗೂ ಒಂದು ಕುರ್ಚಿ ಹಾಕಿಸು!"

ಸೇಲ್ಸ್‌ಮನ್ ನಕ್ಕ. ಇಂಚರ ಕಣ್ಣೊರೆಸಿಕೊಂಡು ನಕ್ಕಳು.

ಎಲ್ಲರಿಗಿಂತ ಜೋರಾಗಿ ನಕ್ಕವನು ಮೋಸಹೋದ ಪ್ರಹ್ಲಾದನೇ... ಭುಜ ಎರಡೂ ಕುಣಿಯುವ ಹಾಗೆ!

ಎತ್ತಲಾಗದ ಭಾರಕ್ಕಿಂತ ಹೇಳಿಕೊಳ್ಳದ ನೋವೇ ಹೆಚ್ಚು ತೂಕ.

"ನನಗೇನಾಗಿಲ್ಲ" ಅನ್ನುವವರು ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು... ಅವರನ್ನು ನೀವು ಇನ್ನೊಂದು ಸಲ ಕೇಳಿದ್ದೀರಾ?