ಆರುನೂರನೆಯ ಕನೆಕ್ಷನ್

ಆ ಜ್ವರ ಬಂದು ಹೋದಮೇಲೆ, ಯಾರು ಯಾರಿಗೆ ಏನಾಗಬೇಕೆಂಬುದು ಯಾರ ತಲೆಯಲ್ಲೂ ನಿಲ್ಲುತ್ತಿರಲಿಲ್ಲ. ಕ್ಲೌಡ್ ಡೇಟಾಬೇಸಿಗೆ ಕನೆಕ್ಷನ್ ಇದ್ದರೆ ಕನ್ನಡಕವೇ ತೋರಿಸುತ್ತಿತ್ತು: ಇವರು ಸೋದರಮಾವ, ಇವರು ಪಕ್ಕದ ಮನೆಯವರು. ಹಾಗಾಗಿ ಮದುವೆಗೆ ಅಡುಗೆಯವರ ಜೊತೆ ಕನೆಕ್ಷನ್ ನೋಡಿಕೊಳ್ಳುವವರನ್ನೂ ಗೊತ್ತುಮಾಡುತ್ತಿದ್ದರು. ತುಮಕೂರಿನ ಈ ಛತ್ರದಲ್ಲಿ ಆ ಕೆಲಸ ಸುಗುಣಾಳದು. ಮಂಟಪದ ಪಕ್ಕದಲ್ಲೇ ಅವಳ ಮೇಜು, ಒಮ್ಮೆಗೆ ಆರುನೂರು ಕನೆಕ್ಷನ್ನಿನ ಮಿತಿ.

ಹೊರಡುವವರಿಗೆ ತಾಂಬೂಲ ಕೊಡುವಾಗ ಅವರ ಕನೆಕ್ಷನ್ ಮುಚ್ಚುವುದು ವಾಡಿಕೆ. ಇವತ್ತು ಹಲವರು ತಿಂಡಿ ತಿಂದು, ತಾಂಬೂಲವನ್ನೂ ಬಿಟ್ಟು ಹಿಂಬಾಗಿಲಿನಿಂದ ಜಾರಿದ್ದರು. ಈಗ ಬಸ್ಸಿನಲ್ಲಿ ಕೂತು, ಪಕ್ಕದ ಸೀಟಿನವರು ಯಾರೆಂದು ಇದೇ ಕನೆಕ್ಷನ್ನಿನಲ್ಲಿ ಕೇಳುತ್ತಿದ್ದರು. ಹತ್ತೂಕಾಲಿಗೆ ಲೆಕ್ಕ ಆರುನೂರು ಮುಟ್ಟಿ ಕೆಂಪಾಯಿತು.

ಗಂಡಿನ ಚಿಕ್ಕಪ್ಪ ಓಡಿಬಂದರು. "ನಮ್ಮ ಹುಡುಗಂದು ಕಟ್ಟಾಗಿ ಮತ್ತೆ ಸಿಗ್ತಾನೇ ಇಲ್ಲ ಕಣಮ್ಮಾ! ಇನ್ನೇನು ಅಂತರಪಟ ಸರಿಸ್ತಾರೆ. ಎದುರಿಗಿರೋಳು ಯಾರು ಅಂತ ಅವನು ಕೇಳಿಬಿಟ್ರೆ ಮರ್ಯಾದೆ ಉಳಿಯತ್ತಾ?"

"ಇರಿ ಸಾರ್, ಯಾರಾದ್ರೂ ನಿದ್ದೆ ಮಾಡ್ತಿರ್ತಾರೆ, ಅವರದ್ದು ತೆಗೆದು ಕೊಡ್ತೀನಿ."

ಪಟ್ಟಿಯಲ್ಲಿ ಹೆಸರಿರಲಿಲ್ಲ, ಬರೀ ನಂಬರು. ನಲವತ್ತೊಂದನೆಯದು ಒಂದು ಗಂಟೆಯಿಂದ ಯಾರ ಬಗ್ಗೆಯೂ ಕೇಳಿರಲಿಲ್ಲ. ಯಾವುದೋ ಅಜ್ಜ ತೂಕಡಿಸುತ್ತಿರಬೇಕು ಎಂದುಕೊಂಡು ಸುಗುಣಾ ಅದನ್ನು ಕತ್ತರಿಸಿ, ಆ ಜಾಗವನ್ನು ಗಂಡಿಗೆ ಕೊಟ್ಟಳು. ವಾಲಗ ಮೊಳಗಿತು. ಅಂತರಪಟ ಸರಿಯಿತು. ಗಂಡು ಹುಡುಗಿಯ ಹೆಸರು ಹಿಡಿದು ಕರೆದು ನಕ್ಕ.

ಸುಗುಣಾ ನಿಟ್ಟುಸಿರು ಬಿಟ್ಟು ತಲೆ ಎತ್ತಿದಳು. ಬೆಳಗಿನಿಂದ ಮದುಮಗಳ ಮುಖ ಬಿಟ್ಟು ಬೇರೆ ಕಡೆ ನೋಡಿರದ ಹೆಂಗಸೊಬ್ಬರು ಅಕ್ಷತೆ ಹಿಡಿದು ಮಂಟಪದಲ್ಲಿ ನಿಂತಿದ್ದರು. 'ವಧುವಿನ ತಾಯಿ' ಎಂದು ಸುಗುಣಾಳ ಕನ್ನಡಕ ತೋರಿಸಿತು. ಆಕೆ ಪಕ್ಕದವರತ್ತ ಬಾಗಿ ಕೇಳಿದರು:

"ಹುಡುಗಿ ಎಷ್ಟು ಲಕ್ಷಣವಾಗಿದಾಳೆ ಅಲ್ವಾ? ಯಾರ ಮಗಳ್ರೀ?"